ಬೆಕ್ಕಿನ ಮರಣ ಪ್ರಕಟಣೆ

ಚಿತ್ರದುರ್ಗ
27-10-2024, ಭಾನುವಾರ

ಸಿರಿಗೆರೆ ಹಾಸ್ಟೆಲಿನ ಕಿಟಕಿ ಪಕ್ಕದ ಮಂಚಾಧಿಪತಿ, ಭೌತಶಾಸ್ತ್ರ ಭಯಭೀತ, ಉಪ್ಪಿಟ್ಟು ವಿರೋಧಿ ಶ್ರೀಮಾನ್ ಶಿವು ಅವರ ದಿವ್ಯ ಸನ್ನಿಧಾನಕ್ಕೆ, ಅತ್ತೆ ಮಗಳು ಅನುಷಾ ಮಾಡುವ ಸಾಷ್ಟಾಂಗ ಪ್ರಣಾಮಗಳು. (ಸಾಷ್ಟಾಂಗ ಎಂದರೆ ಮಂಚದ ಮೇಲೆ ಬೋರಲು ಬಿದ್ದು ಬರೆಯುತ್ತಿದ್ದೇನೆ ಎಂದರ್ಥ.)

ಪಿಯುಸಿ ಮಕ್ಕಳ ಫೋನ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಜಡಿಯುವ ನಿಮ್ಮ ಹಾಸ್ಟೆಲಿನ ನಿಯಮಕ್ಕೆ ಜಯವಾಗಲಿ. ಇಲ್ಲದಿದ್ದರೆ ಈ ಕಾಲದಲ್ಲಿ ನನ್ನಂಥ ಬಿ.ಕಾಂ. ವಿದುಷಿ ಲಕೋಟೆಗೆ ಅಂಟು ಹಚ್ಚುವ ಯೋಗ ಎಲ್ಲಿಂದ ಬರುತ್ತಿತ್ತು?

ದಸರಾ ರಜೆಯಲ್ಲಿ ನಾವಿಬ್ಬರೂ ಹಿರಿಯೂರಿನ ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಹೊರಗಿನ ಸದ್ದು ಸೇರಬಾರದೆಂದು ಕಂಬಳಿ ಹೊದ್ದು, ಬೆವರು ಸುರಿಸಿ ದನಿ ಕೊಟ್ಟ ಮಹಾಕೃತಿ ಲೋಕಾರ್ಪಣೆಯಾಗಿ ಇಂದಿಗೆ ಎಂಟು ದಿನ. ಮುಂದಿನ ಪೀಳಿಗೆಯ ಸಂಶೋಧಕರ ಅನುಕೂಲಕ್ಕಾಗಿ ಕಥಾಸಾರವನ್ನು ದಾಖಲಿಸುತ್ತೇನೆ. ಒಂದು ಬೂದು ಬೆಕ್ಕು, ಮೂರು ಇಲಿ, ಏಳು ನಿಮಿಷ. ಯಾವ ಕಾಲದ ಕಾರ್ಟೂನೋ, ಮೂಲದಲ್ಲಿ ಒಂದು ಮಾತೂ ಇಲ್ಲ, ಬರೀ ಪೀಪಿ ಮತ್ತು ಪಾತ್ರೆ ಬೀಳುವ ಸದ್ದು. ಬೆಕ್ಕು ಮಲಗಿರುವಾಗ ಇಲಿಗಳು ಕನ್ನಡಿಗೆ ಹಿಟ್ಟು ಬಳಿಯುತ್ತವೆ. ಬೆಕ್ಕು ಎದ್ದು ನೋಡಿದರೆ ಕನ್ನಡಿಯಲ್ಲಿ ಮುಖವೇ ಇಲ್ಲ. ಅಷ್ಟರಲ್ಲಿ ಕಪ್ಪು ಕೋಟಿನ ಇಲಿಯೊಂದು ದೊಡ್ಡ ಕೊಳವೆಯನ್ನು ಬಾಯಿಗಿಟ್ಟು, ಬೆಕ್ಕು ತೀರಿಕೊಂಡಿತೆಂದು ಊರಿಗೆಲ್ಲ ಸಾರುತ್ತದೆ. ಬೆಕ್ಕು ನಂಬುತ್ತದೆ. ತನ್ನ ಸಾವಿಗೆ ತಾನೇ ಅತ್ತು, ಹೂ ಹಿಡಿದುಕೊಂಡು ಪೆಟ್ಟಿಗೆಯಲ್ಲಿ ಮಲಗುತ್ತದೆ. ಕೊನೆಗೆ ಬಾಲ ಒಲೆಗೆ ತಾಗಿದಾಗ "ಸತ್ತೋರಿಗೆ ಉರಿತೈತೇನಲೇ?" ಎಂದು ನೀನು ಕಿರುಚಿದೆಯಲ್ಲ, ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಈಗ ಟೀ ಕುಡಿದು ನಾಲಿಗೆ ಸುಟ್ಟುಕೊಂಡವರೆಲ್ಲ ಅದನ್ನೇ ಹೇಳುತ್ತಾರೆ.

ಆದರೆ ಕೃತಿಯ ಕಿರೀಟ ಕೊಳವೆಯ ಇಲಿ. ಇಪ್ಪತ್ತಾರು ವರ್ಷಗಳಿಂದ ಆಟೋಗೆ ಮೈಕು ಕಟ್ಟಿಕೊಂಡು ಹಿರಿಯೂರಿನ ಸಾವುಗಳನ್ನು ಬೀದಿಬೀದಿಗೂ ತಲುಪಿಸುವ ನಿಮ್ಮಪ್ಪ, ನನ್ನ ಸೋದರಮಾವ ಓಬಯ್ಯನವರ ದನಿ! ಅವರ ಹಳೆಯ ರೆಕಾರ್ಡಿಂಗುಗಳನ್ನು ಕತ್ತರಿಸಿ ಹೊಲಿದವಳು ನಾನು. ಬೆಕ್ಕಿಗೆ ಅವರದೇ ಹೆಸರಿಟ್ಟಿದ್ದೂ ನನ್ನ ಪ್ರತಿಭೆಯೇ. "ಮಾತಾಡ್ತಿರೋದು ನಿಮ್ಮ ಓಬಯ್ಯ" ಎಂಬಲ್ಲಿಂದ ಓಬಯ್ಯ, ಯಾರೋ ತಿಮ್ಮಯ್ಯನವರಿಂದ ಒಂದು "ನವರು", ಇನ್ಯಾರದೋ ದೈವಾಧೀನ. "ಪ್ರಿಯ ಬಂಧುಗಳೇ, ಹಿರಿಯೂರು ವಾಸಿ ಶ್ರೀ ಓಬಯ್ಯನವರು ಇಂದು ಬೆಳಗ್ಗೆ ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ." ಹೊಲಿಗೆ ಎಲ್ಲೂ ಕಾಣುವುದಿಲ್ಲ.

ಒಂದು ಸಣ್ಣ ವಿಷಯ. ಯಾರೋ ಪುಣ್ಯಾತ್ಮರು ಚಿತ್ರ ಬಿಟ್ಟು ದನಿಯನ್ನು ಮಾತ್ರ ಕತ್ತರಿಸಿ ಹಿರಿಯೂರಿನ ಗ್ರೂಪುಗಳಿಗೆ ಹಾಕಿದ್ದಾರೆ. ಅದರಲ್ಲಿ ಬೆಕ್ಕಿಲ್ಲ, ಇಲಿಯಿಲ್ಲ. ಬರೀ ಮಾವ ಇದ್ದಾರೆ. ನೀನು ತಲೆ ಕೆಡಿಸಿಕೊಳ್ಳಬೇಡ. ಮಾವ ಕಾರ್ಟೂನ್ ನೋಡಿ ಬಿದ್ದು ಬಿದ್ದು ನಕ್ಕರು.

ಇತಿ ನಿನ್ನ ನಿರ್ದೇಶಕಿ, ಸಂಕಲನಕಾರ್ತಿ ಹಾಗೂ ಎರಡನೇ ಇಲಿ,
ಅನುಷಾ


ಸಿರಿಗೆರೆ
1-11-2024

ಅನುಷಕ್ಕ,

ಕಾಗದ ತಲುಪಿತು. ವಾರ್ಡನ್ ಒಡೆದು ಓದಿ ಕೊಟ್ಟರು. "ಮಂಚಾಧಿಪತಿ ಯಾರಪ್ಪ?" ಎಂದು ಊಟದ ಸಾಲಿನಲ್ಲಿ ಕೇಳಿದರು. ಈಗ ಎಲ್ಲರೂ ನನ್ನನ್ನು ಹಾಗೇ ಕರೆಯುತ್ತಾರೆ. ನಿನಗೆ ಒಳ್ಳೆಯದಾಗಲಿ.

ಆ ದನಿಯನ್ನು ಕತ್ತರಿಸಿದ್ದು ಯಾರೆಂದು ಗೊತ್ತಾಯಿತಾ? ಗೊತ್ತಾಗದಿದ್ದರೆ ಹುಡುಕಲು ಹೋಗಬೇಡ, ಬಿಡು. ಇಂಥವು ನಾಲ್ಕು ದಿನ ಓಡಾಡಿ ಸತ್ತುಹೋಗುತ್ತವೆ.

ಅಪ್ಪ ನಕ್ಕರು ಎಂದೆಯಲ್ಲ, ಹೇಗೆ ನಕ್ಕರು? ಅವರು ಜೋರಾಗಿ ನಕ್ಕಿದ್ದನ್ನು ನಾನು ನೋಡಿದ ನೆನಪಿಲ್ಲ. ಸಾವಿನ ಮನೆಯಿಂದ ಸಾವಿನ ಮನೆಗೆ ಓಡಾಡುವವರಿಗೆ ಆ ಅಭ್ಯಾಸ ತಪ್ಪಿಹೋಗಿರುತ್ತದೆ ಎಂದುಕೊಂಡಿದ್ದೆ. ಏನು ಹೇಳಿದರು, ಸರಿಯಾಗಿ ಬರೆ.

ನನ್ನ ದನಿ ಪೂರ್ತಿ ಒಡೆದಿದೆ. ಇನ್ನು ಬೆಕ್ಕಿನ ಪಾತ್ರ ಸಾಧ್ಯವಿಲ್ಲ. ಎಮ್ಮೆಯ ಕಾರ್ಟೂನ್ ಇದ್ದರೆ ಹೇಳು.

ಶಿವು


ಚಿತ್ರದುರ್ಗ
10-11-2024, ಭಾನುವಾರ

ಶ್ರೀ ಶ್ರೀ ಎಮ್ಮೆಕಂಠ ಶಿವು ಅವರಿಗೆ,

ಈಗಷ್ಟೇ ಹಿರಿಯೂರಿನಿಂದ ಬಸ್ಸಿನಲ್ಲಿ ಬಂದಿಳಿದೆ. ಇಂದಿನ ವಿಶೇಷ ವರದಿ ಹೀಗಿದೆ.

ಬೆಳಗ್ಗೆ ಹತ್ತರ ಸುಮಾರಿಗೆ ಐಮಂಗಲದ ಗೊಲ್ಲಪ್ಪ, ನಿಮ್ಮಪ್ಪನ ಹಳೆಯ ಗೆಳೆಯ, ಗ್ರೂಪಿನ ಆ ದನಿಯನ್ನು ತಡವಾಗಿ ಕೇಳಿ, ಬಾಳೆ ಎಲೆಯಲ್ಲಿ ಸುತ್ತಿದ ಹಾರ ಹಿಡಿದು ಬಾಗಿಲಿಗೆ ಬಂದರು. ಬಾಗಿಲು ತೆರೆದವರು ಖುದ್ದು ಮಾವ.

"ಬರ್ರಿ ಗೊಲ್ಲಪ್ಪ, ಕುಂತ್ಕಳ್ರಿ."

ಗೊಲ್ಲಪ್ಪ ಕುಳಿತರು. ನಾನು ಅಡುಗೆಮನೆಯ ಬಾಗಿಲಲ್ಲಿ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಿದ್ದೆ (ಸೆರಗು ಅತ್ತೆಯದು). ಈಗ ಇಬ್ಬರೂ ಹೋ ಎಂದು ನಗುತ್ತಾರೆ, ನನಗೆ ಬೈಗುಳ ಬೀಳುತ್ತದೆ ಎಂದು ಕಾದೆ. ಗೊಲ್ಲಪ್ಪ ಹಾರವನ್ನು ತೊಡೆಯ ಮೇಲಿಟ್ಟುಕೊಂಡು, ಮಾವನ ಮುಖ ನೋಡಿ ಕೇಳಿದರು.

"ಎಷ್ಟೊತ್ತಿಗೆ ಹೋದ್ರಂತೆ?"

"ಬೆಳಗ್ಗೆ ಅಂತ ಹೇಳವ್ರೆ," ಎಂದರು ಮಾವ.

"ನರಳಿದ್ರಾ?"

"ಅದು ಹೇಳಿಲ್ಲ."

ಗೊಲ್ಲಪ್ಪ ಟೀ ಮುಟ್ಟಲಿಲ್ಲ. ಹಾರವನ್ನು ಮೊಳೆಗೆ ತಗುಲಿಸಿ ಎದ್ದು ಹೋದರು. "ಬರ್ತೀನಿ" ಅನ್ನಲಿಲ್ಲ ಶಿವು. ಸಾವಿನ ಮನೆಯಿಂದ ಹೊರಡುವಾಗ ಯಾರೂ ಆ ಮಾತು ಆಡುವುದಿಲ್ಲವಲ್ಲ, ಹಾಗೆ.

ಅವರ ಹಿಂದೆಯೇ ಓಡಿಹೋಗಿ ಬೀದಿಯಲ್ಲಿ ಹಿಡಿದೆ. "ಗೊಲ್ಲಪ್ಪಣ್ಣ, ಮಾವ ಎದುರಿಗೇ ಕುಂತಿದ್ರಲ್ಲ!" ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. "ನೋಡ್ದೆ ಕಣಮ್ಮ. ಆದ್ರೆ ಓಬಯ್ಯನೇ ಹೇಳವ್ನಲ್ಲ. ಅವ್ನು ಯಾವತ್ತಾದ್ರೂ ತಪ್ಪು ಹೇಳವ್ನಾ?"

ಈ ತರ್ಕಕ್ಕೆ ಉತ್ತರವಿದ್ದರೆ ನನಗೆ ಬರೆದು ಕಳಿಸು. ನಿಜವೇ ತಾನೆ? ಮಾವ ಹೆಣವನ್ನು ಕಣ್ಣಾರೆ ನೋಡದೆ ಮೈಕು ಮುಟ್ಟಿದವರಲ್ಲ. ಮಕ್ಕಳು ಬಂದು ಅತ್ತು ಹೇಳಿದರೂ "ತಡೀರಿ, ನೋಡ್ಕಂಬರ್ತೀನಿ" ಎಂದು ಎದ್ದು ಹೋಗುವವರು. ಅವರು ಸಾರಿದ ಮೇಲೆ ಆ ಊರಿನಲ್ಲಿ ಯಾರೂ ಮತ್ತೆ ಎದ್ದದ್ದಿಲ್ಲ.

ಇನ್ನೊಂದು ಹಾಸ್ಯ ಪ್ರಸಂಗ. ಎದುರು ಮನೆಯ ಮಲ್ಲಕ್ಕ ಅಂಗಳದಲ್ಲಿ ಮಾವನ ಹತ್ತಿರ ನಿಂತು ನಲ್ಲಿ ನೀರಿನ ವಿಚಾರ ಮಾತಾಡಿದಳು. ಆಮೇಲೆ ತನ್ನ ಬಾಗಿಲಿಗೆ ಹೋಗಿ, ಚೊಂಬು ತರಿಸಿಕೊಂಡು, ಕಾಲು ತೊಳೆದು ಒಳಗೆ ಹೋದಳು. ಆಕೆಯ ಬೆಕ್ಕು ನಿಮ್ಮ ಹೊಸ್ತಿಲ ತನಕ ಬಂದು ನಿಲ್ಲುತ್ತದೆ. ಒಳಗೆ ಬರುವುದಿಲ್ಲ.

ಹಾರ ಮಾತ್ರ ಚೆನ್ನಾಗಿತ್ತು. ಸೇವಂತಿಗೆ.

ಅನುಷಾ


ಸಿರಿಗೆರೆ
15-11-2024

ಅನುಷಕ್ಕ,

ಸೂಪರ್! ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮಲ್ಲಕ್ಕ ಕಾಲು ತೊಳೆಯುವ ಜಾಗಕ್ಕೆ ದುರ್ಗೇಶ್ ಮೈಮೇಲೆ ಕೂದಲು ನಿಂತಿತು ಎಂದು ತೋಳು ತೋರಿಸಿದ. ಅವನೂ ಹಿರಿಯೂರಿನವನೇ ತಾನೆ, ಮಲ್ಲಕ್ಕನನ್ನು ನೋಡಿದ್ದಾನೆ.

ಆದರೆ ನಿನ್ನ ಈ ಆಟ ನನ್ನ ಮುಂದೆಯೇ ನಡೆಯುತ್ತದಾ? ಹೋದ ವರ್ಷ ನಮ್ಮ ಬಾವಿಯಲ್ಲಿ ಮೊಸಳೆ ಬಂದಿದೆಯೆಂದು ನೀನು ನಾಲ್ಕು ಪುಟ ಬರೆದೆ. ನಾನು ಅತ್ತುಕೊಂಡು ಮನೆಗೆ ಓಡಿದೆ. ಬಾವಿಯಲ್ಲಿ ಒಂದು ಹಳೆಯ ಟೈರ್ ತೇಲುತ್ತಿತ್ತು. ಅವತ್ತು ನೀನು ಕಟ್ಟೆಯ ಮೇಲೆ ನಿಂತು ಅದಕ್ಕೆ ಮಂಗಳಾರತಿ ಎತ್ತಿದ್ದನ್ನು ನಾನು ಸಾಯುವವರೆಗೂ ಮರೆಯಲ್ಲ.

ಆದ್ದರಿಂದ ಮುಂದಿನ ಕಂತು ಇನ್ನೂ ಭಯಂಕರವಾಗಿರಲಿ. ಅಪ್ಪ ಕನ್ನಡಿಯಲ್ಲಿ ಕಾಣದೇ ಹೋಗಲಿ. ಇಲಿಗಳನ್ನೂ ತಾ. ದುರ್ಗೇಶ್ ಕೇಳಿದ್ದಾನೆ.

ಮಂಚಾಧಿಪತಿ ಶಿವು


ಚಿತ್ರದುರ್ಗ
24-11-2024

ಶಿವು,

ನಿನ್ನ ಕಾಗದ ಬಂದು ಎರಡು ದಿನವಾಯಿತು. ನೀನು ಕೇಳಿದ ಎರಡೂ ಆಗಲೇ ಆಗಿಹೋಗಿದ್ದವು. ಹೇಗೆ ಬರೆದರೆ ನಂಬುತ್ತೀಯೋ ತಿಳಿಯಲಿಲ್ಲ.

ನಿಮ್ಮ ಮನೆಯ ಕನ್ನಡಿಯ ಮೇಲೆ ಈಗ ರಾಗಿ ಹಿಟ್ಟು ಇದೆ. ಅತ್ತೆ ಒರೆಸುತ್ತಾಳೆ, ಮಾವ ಸ್ನಾನ ಮಾಡಿ ಬಂದು ಮತ್ತೆ ಬಳಿಯುತ್ತಾರೆ. ನಿಧಾನವಾಗಿ, ಗೋಡೆಗೆ ಸುಣ್ಣ ಬಳಿದಂತೆ. ಯಾಕೆ ಎಂದರೆ "ನೋಡಿದ್ರೆ ಮಂದಿಗೆ ಬೇಜಾರು" ಎನ್ನುತ್ತಾರೆ. ಹಗಲಿನಲ್ಲೇ ಇಲಿಗಳು ಹೊರಗೆ ಬರುತ್ತವೆ. ಮಾವನ ಪಾದದ ಮೇಲೆ ಹತ್ತಿ ಇಳಿದು ಹೋಗುತ್ತವೆ. ಕುರ್ಚಿ ಖಾಲಿಯಿದ್ದಾಗ ಹೇಗೆ ಓಡಾಡುತ್ತವೋ ಹಾಗೆ. ಮಾವ ಕಾಲು ಕದಲಿಸುವುದಿಲ್ಲ.

ಅನ್ನ ಬಿಟ್ಟು ಹನ್ನೊಂದು ದಿನ. ಅತ್ತೆ ಅತ್ತರೆ ಎರಡು ಗುಟುಕು ಗಂಜಿ ಒಳಗೆ ಹೋಗುತ್ತದೆ. ತಟ್ಟೆ ಇಟ್ಟರೆ ಎತ್ತಿಕೊಂಡು ಹೋಗಿ ಅಂಗಳದಲ್ಲಿಟ್ಟು, ಹಿಂದೆ ಸರಿದು ನಿಂತು, "ಕಾಗೆ ಮುಟ್ಲಿ ತಡಿ" ಎನ್ನುತ್ತಾರೆ. ಕಾಗೆ ಮುಟ್ಟಿದ ಮೇಲೆ ಸಮಾಧಾನವಾಗಿ ಒಳಗೆ ಬರುತ್ತಾರೆ. ಹೊಟ್ಟೆ ಬೆನ್ನಿಗೆ ಹತ್ತಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎದೆ, ಬಿಪಿ ಎಲ್ಲ ಸರಿಯಿದೆ, ಊಟ ಮಾಡದಿದ್ದರೆ ಮಾತ್ರ ಜೀವಕ್ಕೆ ಕಷ್ಟ ಎಂದರು. "ಹೌದ್ರಾ? ಪಾಪ," ಎಂದರು ಮಾವ.

ಕುದಿಯುವ ಟೀ ಲೋಟವನ್ನು ಅಂಗೈಯಲ್ಲಿ ಹಿಡಿದು ಕುಳಿತಿದ್ದರು. ಕಿತ್ತುಕೊಂಡೆ. ಅಂಗೈ ಕೆಂಪಾಗಿತ್ತು.

"ಸುಡಲ್ವಾ ಮಾವ?"

"ಯಾರಿಗಮ್ಮ?"

ಅವರದೇ ದನಿಯಲ್ಲಿ, ಅವರು ಬದುಕಿದ್ದಾರೆಂದು ಸಾರಿದರೆ ಸರಿಹೋಗಬಹುದು ಎಂದು ನನಗೆ ಹೊಳೆಯಿತು. ಅವರು ಹೇಳಲು ಒಪ್ಪಲಿಲ್ಲ. ಸರಿ, ನಾನೇ ಹೊಲಿಯುತ್ತೇನೆಂದು ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಕುಳಿತು ಕೇಳಿದೆ. ಮೂರು ದಿನ ಕೇಳಿದೆ ಶಿವು. ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯ ಯಾರ ಬಗ್ಗೆಯೂ "ಬದುಕಿದ್ದಾರೆ" ಎಂದು ಹೇಳಿಲ್ಲ. ಹೇಳುವ ಪ್ರಮೇಯವೇ ಬಂದಿಲ್ಲ. ಕೊನೆಗೆ "ಬದುಕಿನ ಪಯಣ ಮುಗಿಸಿ" ಎಂಬಲ್ಲಿಂದ "ಬದುಕಿ" ತೆಗೆದೆ, "ಅಗಲಿದ್ದಾರೆ" ಎಂಬಲ್ಲಿಂದ ಬಾಲ ತೆಗೆದೆ. ಸೇರಿಸಿ ಹಾಕಿದರೆ, ಅದು ಇನ್ನೊಂದು ಸಾವಿನ ಹಾಗೇ ಕೇಳಿಸಿತು. ಹೊರಗೆ ಯಾರೋ ಚಪ್ಪಲಿ ಬಿಟ್ಟು ನಿಂತರು.

ಮಾವನಿಗೆ ಕೇಳಿಸಿದೆ. "ಇದು ಕತ್ತರಿಸಿದ್ದು," ಎಂದರು.

"ಅದೂ ಕತ್ತರಿಸಿದ್ದೇ ಮಾವ. ನಾನೇ ಕತ್ತರಿಸಿದ್ದು. ಬೆಕ್ಕಿಗೆ."

"ಇಲ್ಲಮ್ಮ. ಅದು ನಾ ಹೇಳಿದ್ದೇ. ನಂಗೆ ನೆಪ್ಪೈತೆ."

"ಯಾವಾಗ ಹೇಳಿದ್ರಿ?"

"ನೋಡ್ಕಂಬಂದ್ ಮ್ಯಾಲೆ."

ವಾರ್ಡನ್ ಅವರನ್ನು ಕೇಳಿ ಮನೆಗೆ ಫೋನ್ ಮಾಡು.

ಅನುಷಾ


(ಕಾರ್ಡು)

ಹಿರಿಯೂರು
3-12-2024

ಶಿವು, ಉತ್ತರವಿಲ್ಲ. ಇದೂ ಒಂದು ಕಂತು ಎಂದು ರೂಮಿನಲ್ಲಿ ಓದಿರುತ್ತೀಯ. ಇದರಲ್ಲಿ ತಮಾಷೆ ಇಲ್ಲ. ನಾಲ್ಕು ಮೂಲೆಗೂ ಅತ್ತೆ ಅರಿಶಿನ ಹಚ್ಚಿದ್ದಾಳೆ, ಕಾರ್ಡು ನೋಡಿದ ಕೂಡಲೇ ನೀನು ಕೆಟ್ಟದ್ದು ಎಣಿಸಬಾರದೆಂದು. ಇನ್ನೂ ಹೊತ್ತು ಮೀರಿಲ್ಲ. ಬಾ.

ಅನುಷಾ


ಸಿರಿಗೆರೆ
7-12-2024

ಅನುಷಕ್ಕ,

ಓದಿದ್ದೆ, ರೂಮಿನಲ್ಲಿ. ನಕ್ಕಿದ್ದೆವು. ಕಾರ್ಡು ಬಂದ ದಿನ ನಗಲಿಲ್ಲ. ಅದರಲ್ಲಿ ನನಗೆ ಒಂದೂ ಬಿರುದು ಇರಲಿಲ್ಲ.

ವಾರ್ಡನ್ ರೂಮಿನಿಂದ ಫೋನ್ ಮಾಡಿದೆ. ಅಮ್ಮ ಎತ್ತಿದಳು. "ಚೆನ್ನಾಗವ್ರೆ, ನೀ ಓದ್ಕ," ಎಂದಳು. ಅಪ್ಪನಿಗೆ ಕೊಡು ಎಂದೆ. ಆಮೇಲೆ ಅಪ್ಪ, ಗೊತ್ತಿಲ್ಲದವರ ಹತ್ತಿರ ಮಾತಾಡುವಷ್ಟು ಮರ್ಯಾದೆಯಿಂದ, "ಓಬಯ್ಯನೋರು ಹೋದ್ರಲ್ಲಪ್ಪ. ಸಾರಿದ್ದು ನಿಮ್ಮ ಕಡೆ ಕೇಳ್ಸಿಲ್ವಾ?" ಎಂದರು. ಫೋನ್ ಇಟ್ಟುಬಿಟ್ಟೆ. ವಾರ್ಡನ್ ನೀರು ಕೊಟ್ಟರು.

ಒಂದು ಮಾತು ಹೇಳಬೇಕು. ದನಿ ಕತ್ತರಿಸಿ ಗ್ರೂಪಿಗೆ ಹಾಕಿದ ಪುಣ್ಯಾತ್ಮ ನಾನು. ಫೋನ್ ಬೀರುವಿಗೆ ಹೋಗುವ ಹಿಂದಿನ ಸಂಜೆ ಹಾಕಿದೆ. ಸುಮ್ಮನೆ ತಮಾಷೆಗೆ ಎಂದು ನಿನಗೆ ಬರೆಯಬಹುದು, ಆದರೆ ಅದಲ್ಲ. ಒಂದನೇ ಕ್ಲಾಸಿನಿಂದ ನನ್ನನ್ನು "ಸಾವಿನ ಆಟೋ" ಎಂದೇ ಕರೆದಿದ್ದಾರೆ. ಅಪ್ಪ ಬೀದಿಗೆ ಬಂದರೆ ಆಡುವ ಮಕ್ಕಳು ಒಳಗೆ ಓಡುತ್ತಿದ್ದರು. ಒಂದೇ ಒಂದು ಸಲ ಆ ದನಿ ತಪ್ಪಾಗಲಿ, ಊರು ಅದನ್ನು ಕೇಳಿ ನಗಲಿ ಎಂದು ಆಸೆಯಾಯಿತು. ಅಷ್ಟೇ. ತಪ್ಪಾಗುವುದಿಲ್ಲ ಎಂದು ಗೊತ್ತಿರಲಿಲ್ಲ.

ಇನ್ನೊಂದು. ಮೊನ್ನೆ ಊಟದ ಹಾಲ್‌ನಲ್ಲಿ, ಸಂಜೆ ನೀರು ಬರುವುದಿಲ್ಲ ಎಂದು ಎಲ್ಲರಿಗೂ ಹೇಳಲು ವಾರ್ಡನ್ ನನ್ನ ಕೈಗೆ ಮೈಕು ಕೊಟ್ಟರು. ಹೇಳಿದೆ. ದುರ್ಗೇಶ್ ತಟ್ಟೆ ಹಿಡಿದು ನಿಂತವನು ನಿಂತೇಬಿಟ್ಟ. "ಲೇ, ಇದು ನಿಮ್ಮಪ್ಪನ ದನಿ ಕಣಲೇ," ಎಂದ. ಇನ್ನೊಮ್ಮೆ ಹೇಳಿಸಿ ಕಣ್ಣು ಮುಚ್ಚಿ ಕೇಳಿದ. ಒಂದು ಕೂದಲೆಳೆ ವ್ಯತ್ಯಾಸವಿಲ್ಲವಂತೆ.

ನೀನು ಕತ್ತರಿಸಬೇಕಾಗಿಲ್ಲ. ನಾನು ಹೇಳುತ್ತೇನೆ. 22ಕ್ಕೆ ಮೂರು ದಿನ ರಜೆ ಕೊಟ್ಟಿದ್ದಾರೆ. ಏನು ಹೇಳಬೇಕೋ ಬರೆದು ಕಳಿಸು.

ಶಿವು


ಚಿತ್ರದುರ್ಗ
12-12-2024

ಶಿವು,

ನಿನ್ನ ತಪ್ಪನ್ನು ನನ್ನ ತಪ್ಪಿನ ಪಕ್ಕದಲ್ಲಿಟ್ಟೆ. ಎರಡೂ ಒಂದೇ ಎತ್ತರ ಇವೆ. ನಾನೂ ಒಂದು ಮುಚ್ಚಿಟ್ಟಿದ್ದೇನೆ. ಮಾವ ಕಾರ್ಟೂನ್ ನೋಡಿ ನಗಲೇ ಇಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬೆಕ್ಕು ಪೆಟ್ಟಿಗೆಯಲ್ಲಿ ಮಲಗುವ ತನಕ ನೋಡಿ, ಅಲ್ಲಿಗೇ ನಿಲ್ಲಿಸಿದರು. ಬಾಲ ಸುಡುವುದನ್ನು ನೋಡಲೇ ಇಲ್ಲ. ಮುಂದೆ ಇದೆ ಮಾವ ಎಂದರೆ, "ಸಾಕಮ್ಮ, ಮುಂದೆ ಎಲ್ಲಾ ಒಂದೇ ತರ ಇರ್ತೈತೆ," ಎಂದರು. ಅವತ್ತೇ ನಿನಗೆ ಬರೆಯಬೇಕಿತ್ತು. ನಿರ್ದೇಶಕಿಗೆ ಹೆಮ್ಮೆ ಜಾಸ್ತಿ ಇತ್ತು.

ಹೇಳಬೇಕಾದ್ದು ಇಷ್ಟು: "ಪ್ರಿಯ ಬಂಧುಗಳೇ, ಹಿರಿಯೂರು ವಾಸಿ ಶ್ರೀ ಓಬಯ್ಯನವರು ಬದುಕಿದ್ದಾರೆಂದು ತಿಳಿಸಲು ಹರ್ಷಿಸುತ್ತೇವೆ." ಮೂರು ಸಲ. ಪ್ರತಿ ಬೀದಿಯ ತಿರುವಿನಲ್ಲಿ. ಮಾವ ಮಾಡುತ್ತಿದ್ದಂತೆಯೇ "ಬಂಧುಗಳೇ" ಆದ ಮೇಲೆ ಒಂದು ಉಸಿರು ನಿಲ್ಲಿಸು.

ಮನೆಗೆ ಬಂದ ಮೇಲೆ ಮೈಕು ಹಿಡಿಯುವ ತನಕ ಬಾಯಿ ಬಿಡಬೇಡ. ಮಾವ ಮೊದಲು ಆ ದನಿಯನ್ನು ಬೀದಿಯಿಂದಲೇ ಕೇಳಲಿ. ಗಂಜಿಯೂ ಈಗ ಕಡಿಮೆಯಾಗಿದೆ.

ಅನುಷಾ


ಚಿತ್ರದುರ್ಗ
23-12-2024, ಸೋಮವಾರ

ಮೃತ್ಯುಂಜಯ, ದಿಗ್ವಿಜಯಿ, ಹಿರಿಯೂರಿನ ಗಲ್ಲಿಗಳ ಚಕ್ರವರ್ತಿ, ನನ್ನ ಪ್ರೀತಿಯ ಮಂಚಾಧಿಪತಿಗೆ!

ಬಿರುದುಗಳು ಮರಳಿ ಬಂದಿವೆ, ಗಮನಿಸು. ಬಸ್ಸಿನ ತುಂಬ ಒಬ್ಬಳೇ ನಗುತ್ತಾ ಬಂದೆ. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ. ನೀನು ಮನೆಯಲ್ಲೇ ಇದ್ದೀಯ, ಫೋನ್ ಮಾಡಬಹುದು, ಆದರೆ ಇಂಥ ವಿಜಯವನ್ನು ಕಾಗದದ ಮೇಲೆಯೇ ಕೆತ್ತಬೇಕು.

ಮೊದಲ ತಿರುವಿನಲ್ಲಿ ನೀನು ಬಾಯಿ ತೆರೆದಾಗ ನಾನು ಮಾವನ ಪಕ್ಕದಲ್ಲೇ ಅಂಗಳದಲ್ಲಿದ್ದೆ. ಕಣ್ಣೆದುರು ಮಾವ ಬಾಯಿ ಮುಚ್ಚಿ ಕುಳಿತಿದ್ದಾರೆ, ಬೀದಿಯಲ್ಲಿ ಮಾವ ಮಾತಾಡುತ್ತಿದ್ದಾರೆ! ಮಲ್ಲಕ್ಕ ಕೈಯಲ್ಲಿದ್ದ ಮೊರ ಹಾಗೇ ಇಟ್ಟು ಹೊರಗೆ ಬಂದಳು. ಎರಡನೇ ಸಲಕ್ಕೆ ಮಾವನ ತುಟಿ ಅಲುಗಿತು. ನೀನು ಹೇಳಿದ ಒಂದೊಂದು ಮಾತನ್ನೂ ಅವರ ತುಟಿ ಹಿಂಬಾಲಿಸಿತು. ಮೂರನೆಯ ಸಲಕ್ಕೆ ಎದ್ದು ನಿಂತು, ಅಂಗಳದ ತಟ್ಟೆಯನ್ನು ಕಾಗೆಯ ಮುಂದಿನಿಂದಲೇ ಎತ್ತಿಕೊಂಡರು!

"ಓಬಯ್ಯನೋರು ಬದುಕವ್ರಂತೆ. ಬಲು ಒಳ್ಳೇದಾತು," ಎಂದರು. ಅಲ್ಲೇ ಕುಳಿತು ಒಂದೂವರೆ ಮುದ್ದೆ ಉಂಡರು. ಅತ್ತೆ ಸೊಪ್ಪಿನ ಸಾರು ಬಡಿಸುತ್ತಾ ಅಳುತ್ತಿದ್ದಳು. ನೀನು ಆಟೋ ನಿಲ್ಲಿಸಿ ಒಳಗೆ ಬಂದಾಗ ಮಾವ ಎದ್ದು ನಿಂತು ನಿನಗೆ ಕೈ ಮುಗಿದರಲ್ಲ, ಮಗನಿಗೆ ಯಾವ ಅಪ್ಪ ಹಾಗೆ ಮುಗಿಯುತ್ತಾನೆ ಹೇಳು! ನನಗೆ ಕಣ್ಣು ತುಂಬಿ ಬಂತು. ಬಸ್ಸು ತಪ್ಪುತ್ತದೆಂದು ಓಡಿದೆ.

ಪರೀಕ್ಷೆಗೆ ಓದು. ಬರುವ ಕೃತಿಯಲ್ಲಿ ಯಾರೂ ಸಾಯುವುದಿಲ್ಲ ಎಂದು ಈ ಮೂಲಕ ಪ್ರಮಾಣ ಮಾಡುತ್ತೇನೆ.

ಅನುಷಾ


ಹಿರಿಯೂರು
5-1-2025

ಅನುಷಕ್ಕ,

ನೀನು ಹತ್ತು ಸಲ ಫೋನ್ ಮಾಡಿದ್ದೀಯ. ಎತ್ತಲಿಲ್ಲ. ನಾನು ಮನೆಯಲ್ಲಿ ಬಾಯಿ ಬಿಟ್ಟರೆ ಅಪ್ಪ ಎಲ್ಲಿದ್ದರೂ ಎದ್ದು ನಿಲ್ಲುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಸಿರಿಗೆರೆಗೆ ಹೋಗಲಾಗಲಿಲ್ಲ.

ಅಪ್ಪ ಚೆನ್ನಾಗಿದ್ದಾರೆ. ಎರಡು ಹೊತ್ತು ಉಣ್ಣುತ್ತಾರೆ, ಮೈ ಕೈ ತುಂಬಿಕೊಂಡಿದೆ. ನೀನು ಬಸ್ಸಿಗೆ ಓಡಿದ ಮೇಲೆ ಕೈ ಮುಗಿದುಕೊಂಡೇ ನನ್ನ ಹತ್ತಿರ ಬಂದು, "ಓಬಯ್ಯಣ್ಣ, ನೀರು ಕುಡೀರಿ, ಗಂಟಲು ಒಣಗೈತೆ," ಎಂದರು. ತಮಾಷೆ ಮಾಡುತ್ತಿದ್ದಾರೆ, ನಮಗೆ ಬುದ್ಧಿ ಕಲಿಸುತ್ತಿದ್ದಾರೆ ಎಂದುಕೊಂಡೆ. ಮರುದಿನವೂ ಅದೇ. "ನೀವ್ಯಾರು ಹಂಗಾರೆ?" ಎಂದು ಕೇಳಿದೆ. "ನಾನಾ? ಓಬಯ್ಯನೋರು ಹೋದ್ರು ಅಂದ್ರು, ನೋಡಾಕೆ ಬಂದಿದ್ದೆ. ಬಂದು ನೋಡಿದ್ರೆ ಬದುಕೇ ಅವ್ರೆ!" ಎಂದು ನಕ್ಕರು. ಹಲ್ಲು ಕಾಣುವಂತೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ನಗುವುದು ಹೀಗೆ ಎಂದು ಈಗ ಗೊತ್ತಾಯಿತು.

ಜಗುಲಿಯಲ್ಲಿ ಮಲಗುತ್ತಾರೆ. ಒಳಗೆ ಬರುವಾಗ ಕೆಮ್ಮಿ, "ಬರ್ಲಾ ತಾಯಿ?" ಎಂದು ಅಮ್ಮನನ್ನು ಕೇಳುತ್ತಾರೆ. ಅಮ್ಮ ಮೊದಲ ವಾರ ಕೂಗಾಡಿದಳು. ಈಗ "ಬರ್ರಿ" ಎನ್ನುತ್ತಾಳೆ. ಉಣ್ಣುತ್ತಾರಲ್ಲ, ಅಷ್ಟು ಸಾಕು ಅವಳಿಗೆ.

ಊರಿನವರಿಗೆ ಏನೂ ತೊಂದರೆಯಾಗಿಲ್ಲ. ಫೋನುಗಳು ಮತ್ತೆ ಬರುತ್ತಿವೆ. 28ರಂದು ಐಮಂಗಲದಲ್ಲಿ ಗೊಲ್ಲಪ್ಪ ತೀರಿಕೊಂಡರು. ನಾನು ಆಗುವುದಿಲ್ಲ ಎಂದೆ. ಅಪ್ಪ ಆಗಲೇ ಆಟೋ ತೊಳೆದು ನಿಲ್ಲಿಸಿದ್ದರು. "ಮೊದ್ಲು ನೋಡ್ಕಂಬರಾಣ ಬರ್ರಿ ಓಬಯ್ಯಣ್ಣ, ನೋಡ್ದೆ ನೀವು ಹೇಳಲ್ವಲ್ಲ," ಎಂದರು. ಹೋದೆವು. ನೋಡಿದೆ. ಅಪ್ಪ ಆಟೋ ಓಡಿಸಿದರು, ನಾನು ಹಿಂದೆ ಕುಳಿತು ಹೇಳಿದೆ. "ಬಂಧುಗಳೇ" ಆದ ಮೇಲೆ ಉಸಿರು ತಾನಾಗಿಯೇ ನಿಂತಿತು. ಆಡುತ್ತಿದ್ದ ಮಕ್ಕಳು ಒಳಗೆ ಓಡಿದರು. ಮಲ್ಲಕ್ಕ ಈಗ ನನ್ನನ್ನು ಹೆಸರಿನಿಂದ ಕೂಗುವುದಿಲ್ಲ, ಬಹುವಚನದಲ್ಲಿ ಮಾತಾಡಿಸುತ್ತಾಳೆ.

"ಅಪ್ಪಾ, ನಾನು ಶಿವು," ಎಂದು ಅವರ ಎರಡೂ ಭುಜ ಹಿಡಿದು ಅಲುಗಾಡಿಸಿದೆ ಒಂದು ದಿನ. ಅವರು ಗಾಬರಿಯಿಂದ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು. "ಶಿವು ಸಿರಿಗೆರೆಯಾಗೆ ಓದ್ತಾ ಅವ್ನೆ. ಇದೆಲ್ಲಾ ಅವ್ನ ಕಿವಿಗೆ ಹಾಕ್ಬ್ಯಾಡ್ರಿ. ಪರೀಕ್ಷೆ ಐತೆ."

ನಿನ್ನೆ ಒಂದು ಇನ್‌ಲ್ಯಾಂಡ್ ಕಾಗದ ತಂದು ನನ್ನ ಕೈಗಿಟ್ಟರು. ಹುಡುಗನಿಗೆ ಬರೆಯಿರಿ, ನಿಮ್ಮ ಅಕ್ಷರ ಚೆನ್ನಾಗಿದೆ ಎಂದರು. ಅವರು ಹೇಳಿದರು, ನಾನು ಬರೆದೆ. ಮನೆಯಲ್ಲಿ ಎಲ್ಲ ಕ್ಷೇಮ, ಅಪ್ಪ ಕ್ಷೇಮ, ಚೆನ್ನಾಗಿ ಉಣ್ಣು, ತಣ್ಣೀರಲ್ಲಿ ತಲೆ ತೊಳೀಬೇಡ, ಯಾರು ಏನೆಂದು ಕರೆದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿಸಿದರು. ವಿಳಾಸ ಬರೆಸಿ, ಅವರೇ ಹೋಗಿ ಡಬ್ಬಿಗೆ ಹಾಕಿ ಬಂದರು. ಇವತ್ತು ಬೆಳಗ್ಗಿನಿಂದ ಜಗುಲಿಯ ಮೇಲೆ ಕುಳಿತು ಪೋಸ್ಟ್‌ಮ್ಯಾನ್ ದಾರಿ ನೋಡುತ್ತಿದ್ದಾರೆ. ಇವತ್ತು ಭಾನುವಾರ ಎಂದರೂ ಏಳುವುದಿಲ್ಲ.

ಅಕ್ಕ, ಆ ಕಾಗದಕ್ಕೆ ಉತ್ತರ ಬರಬೇಕು. ನೀನು ಬರೆ. ದುರ್ಗೇಶ್ ಹತ್ತಿರ ನನ್ನ ನೋಟ್ಸ್ ಇವೆ, ಅಕ್ಷರ ನೋಡಿಕೊಂಡು ಹಾಗೇ ಬರೆ. ಒಮ್ಮೆ ಸಿರಿಗೆರೆಗೆ ಹೋಗಿ ಅಲ್ಲಿಯ ಡಬ್ಬಿಗೇ ಹಾಕು, ಮುದ್ರೆ ಅಲ್ಲಿಯದಿರಲಿ. ಚೆನ್ನಾಗಿ ಓದುತ್ತಿದ್ದಾನೆ ಎನ್ನು. ಯುಗಾದಿಗೆ ಬರುತ್ತಾನೆ ಎನ್ನು. ಒಂದೆರಡು ತಮಾಷೆ ಹಾಕು, ಅವನು ಹಾಕುವಂಥವು.

ಅದು ಬಂದರೆ ಜಗುಲಿಯಲ್ಲಿ ಕುಳಿತು ಓದಿ ಹೇಳಬೇಕಾದವನು ನಾನೇ. ಶಿವು ಏನು ಬರೆಯುತ್ತಾನೋ ಕೇಳಬೇಕೆಂದು ನನಗೂ ಆಸೆಯಾಗಿದೆ.